ಎದುರಿನವರ ಕಣ್ಣು

ಬಂಡೀಪುರ ಕಾಡಿನ ಕ್ಯಾಂಪು
27 ಜನವರಿ 2025

ರಂಜಿನಿ,

ರಜೆ ಮುಗಿಸಿ ಇಲ್ಲಿ ಬಂದು ಸೇರುವ ಹೊತ್ತಿಗೆ ಕಾಡ್ಗಿಚ್ಚು ಹರಡದಂತೆ ಬೆಂಕಿರೇಖೆ ಸವರುವ ಕೆಲಸ ಶುರುವಾಗಿತ್ತು. ಹುಲ್ಲೆಲ್ಲ ಒಣಗಿ ನಿಂತಿದೆ. ಏಪ್ರಿಲ್ ಮುಗಿಯುವ ತನಕ ಯಾವ ವಾಚರಿಗೂ ರಜೆ ಇಲ್ಲ ಎಂದು ಸಾಹೇಬರು ಹೇಳಿಬಿಟ್ಟಿದ್ದಾರೆ. ಇಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ ಎಂದು ನಿನಗೆ ಗೊತ್ತೇ ಇದೆ. ರೇಷನ್ ಜೀಪಿನ ಚಿಕ್ಕಮಾದು ಹತ್ತು ದಿನಕ್ಕೊಮ್ಮೆ ಗುಂಡ್ಲುಪೇಟೆಗೆ ಬರುತ್ತಾನೆ. ಅವನ ಕೈಯಲ್ಲಿ ಕಾಗದ ಕಳಿಸುತ್ತೇನೆ, ನೀನೂ ಅವನ ಕೈಯಲ್ಲೇ ಕೊಡು.

ಕಾರಿಗೆ ಹಾಕಿಕೊಟ್ಟ ಬಿಳಿ ಬಲ್ಬು ಹೇಗಿದೆ? ಹಳೆಯ ಬಲ್ಬಿನ ಬೆಳಕು ಚಿಮಣಿ ದೀಪಕ್ಕಿಂತ ಕಡೆಯಾಗಿತ್ತು. ಚಾಮರಾಜನಗರದಲ್ಲಿ ರಾತ್ರಿ ಎಂಟಕ್ಕೆ ಡ್ಯೂಟಿ ಮುಗಿಸಿ ಆ ಬೆಳಕಿನಲ್ಲಿ ನೀನೊಬ್ಬಳೇ ಬರುತ್ತೀಯ ಎಂದು ನೆನೆದರೆ ನನಗೆ ಇಲ್ಲಿ ನಿದ್ದೆ ಹತ್ತುತ್ತಿರಲಿಲ್ಲ. ರಸ್ತೆಯ ತುಂಬ ಹುರುಳಿ ಒಕ್ಕಣೆ ಹಾಕಿರುತ್ತಾರೆ, ಟ್ರ್ಯಾಕ್ಟರುಗಳಿಗೆ ಹಿಂದೆ ಕೆಂಪು ದೀಪವೇ ಇರುವುದಿಲ್ಲ. ಅಂಗಡಿಯವನು, 'ಇದು ಆಕುದ್ರೆ ರಾತ್ರಿಯೆಲ್ಲ ಅಗಲು ಕಣಣ್ಣ' ಅಂದ. ನನ್ನ ಕೈಯಾರೆ ಕೂರಿಸಿದ್ದೇನೆ, ಇನ್ನು ಹೆದರದೆ ಬಾ.

ಅಮ್ಮನಿಗೆ ಮಂಡಿನೋವಿನ ಎಣ್ಣೆ ತಪ್ಪಿಸಬೇಡ ಎನ್ನು.

ನಿನ್ನ ಅಪ್ಪ
ಶಾಂತರಾಜು


ಗುಂಡ್ಲುಪೇಟೆ
3 ಫೆಬ್ರವರಿ 2025

ಅಪ್ಪ,

ಬೆಳಕು ನಿಜವಾಗಿಯೂ ಹಗಲಿನ ಹಾಗೆಯೇ ಇದೆ. ಮೈಲಿಗಲ್ಲಿನ ಅಕ್ಷರ ದೂರದಿಂದಲೇ ಓದಬಹುದು. ಮೊನ್ನೆ ರಸ್ತೆಯಲ್ಲಿ ಮಲಗಿದ್ದ ಎಮ್ಮೆಯೊಂದು ನೂರು ಮಾರು ಮುಂಚೆಯೇ ಕಂಡಿತು. ಹಳೆಯ ಬಲ್ಬಾಗಿದ್ದರೆ ಅದರ ಮೇಲೆಯೇ ಹತ್ತಿಸುತ್ತಿದ್ದೆ.

ಒಂದೇ ಕಿರಿಕಿರಿ. ನಾನು ಡಿಮ್ ಮಾಡಿದ್ದರೂ ಎದುರಿಗೆ ಬರುವವರು ಲೈಟು ಮಿಟುಕಿಸುತ್ತಾರೆ, ಕೆಲವರು ಬಯ್ದುಕೊಂಡೇ ಹೋಗುತ್ತಾರೆ. ಹೆಂಗಸು ಓಡಿಸುತ್ತಿದ್ದಾಳೆ ಅಂತಲೋ ಏನೋ ಅಂದುಕೊಂಡು ಸುಮ್ಮನಾಗಿದ್ದೇನೆ.

ಕಾರಿನ ಆರ್‌ಸಿ ಮಾರ್ಚಿಗೆ ಮುಗಿಯುತ್ತದೆ. ಇಪ್ಪತ್ತು ವರ್ಷದ ಗಾಡಿ, ಆರ್‌ಟಿಓ ಆಫೀಸಿನಲ್ಲಿ ತಪಾಸಣೆ ಮಾಡಿಸಿಯೇ ನವೀಕರಿಸಬೇಕಂತೆ. ಅದೊಂದು ಓಡಾಟ ಇದೆ. ಅಮ್ಮ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಳೆ, ನೀನು ಕೇಳಿದೆ ಅಂತ ನಾಚಿಕೊಂಡಳು.

ರಂಜಿನಿ


ಗುಂಡ್ಲುಪೇಟೆ
12 ಫೆಬ್ರವರಿ 2025

ಅಪ್ಪ,

ಇದನ್ನು ನೀನೊಬ್ಬನೇ ಇದ್ದಾಗ ಓದು.

ಸೋಮವಾರದಿಂದ ನನ್ನನ್ನು ಮೂಳೆ ವಾರ್ಡಿಗೆ ಹಾಕಿದ್ದಾರೆ. ಅಲ್ಲಿ ಏಳನೇ ಮಂಚದಲ್ಲಿ ಸಿದ್ದಮಲ್ಲಪ್ಪ ಎನ್ನುವವರಿದ್ದಾರೆ, ತೆರಕಣಾಂಬಿ ಕಡೆಯ ಹಳ್ಳಿಯವರು, ಅರವತ್ತೆರಡು ವಯಸ್ಸು. ಬಲ ತೊಡೆಯ ಮೂಳೆ ಮುರಿದು ರಾಡ್ ಹಾಕಿದ್ದಾರೆ. ಮೊದಲ ದಿನ ಡ್ರೆಸ್ಸಿಂಗ್ ಮಾಡುವಾಗ, ನೋವು ಮರೆಯಲಿ ಎಂದು ಹೇಗೆ ಬಿದ್ದಿರಿ ಯಜಮಾನರೇ ಅಂತ ಮಾತಿಗೆಳೆದೆ.

'ನಾನ್ ಬೀಳ್ನಿಲ್ಲ ಕಣವ್ವ, ಬೀಳುಸ್ಬುಟ್ರು. ಎದುರ್ಗಡೆಯಿಂದ ಬೆಳ್ಳಗೆ ಬೆಳ್ಕು, ಮಿಂಚು ಒಡ್ದಂಗೆ. ಕಣ್ ಕಟ್ಬುಡ್ತು. ರೋಡು ಎಲ್ಲದೆ, ಅಳ್ಳ ಎಲ್ಲದೆ ಒಂದೂ ಕಾಣ್ನಿಲ್ಲ. ಗಾಡಿ ಸಮೇತ ಏರಿಯಿಂದ ಕೆಳಕ್ಕೋದೆ. ಅದು ಕಾರೋ ಜೀಪೋ ಅದೂ ಕಾಣ್ನಿಲ್ಲ.'

ಯಾವಾಗ ಅಂದೆ. ಹೋದ ಮಂಗಳವಾರ, ಎಂಟೂವರೆ ಹೊತ್ತು, ಕೆರೆ ಏರಿಯ ತಿರುವಿನಲ್ಲಿ ಅಂದರು. ಡ್ರೆಸ್ಸಿಂಗ್ ಮುಗಿಸಿ ಆಚೆ ಬಂದು ದಿನ, ಹೊತ್ತು ಎರಡನ್ನೂ ಮತ್ತೆ ಲೆಕ್ಕ ಹಾಕಿದೆ.

ಆ ಮಂಗಳವಾರ ಎಂಟೂವರೆಗೆ ಆ ತಿರುವಿನಲ್ಲಿ ನಾನಿದ್ದೆ ಅಪ್ಪ. ಎದುರಿಗೆ ಒಂದು ದ್ವಿಚಕ್ರದ ದೀಪ ಬಂತು. ಆ ಕಡೆ ಈ ಕಡೆ ಅಲ್ಲಾಡಿತು. ನಾನು ಡಿಮ್ ಮಾಡಿಯೇ ಇದ್ದೆ, ನಿಧಾನವಾಗಿಯೇ ಇದ್ದೆ. ದಾಟಿದ ಮೇಲೆ ಕನ್ನಡಿ ನೋಡಿದರೆ ಹಿಂದೆ ದೀಪವೇ ಇರಲಿಲ್ಲ. ಹೊಲದ ದಾರಿಗೆ ತಿರುಗಿಕೊಂಡರೇನೋ ಅಂದುಕೊಂಡೆ. ಮನೆಗೆ ಬಂದು ಮುದ್ದೆ ಉಂಡು ಮಲಗಿದೆ.

ಅವರು ಎರಡು ಗಂಟೆ ಹಳ್ಳದಲ್ಲಿ ಬಿದ್ದಿದ್ದರಂತೆ. ಕೂಗಿ ಕೂಗಿ ಗಂಟಲು ಬಿದ್ದುಹೋಯಿತಂತೆ. ಕೊನೆಗೆ ಹಾಲಿನ ವ್ಯಾನಿನವನು ಮೂತ್ರಕ್ಕೆಂದು ನಿಲ್ಲಿಸಿದಾಗ ನರಳುವುದು ಕೇಳಿಸಿದೆ. ನಾನು ನಿಂತಿದ್ದರೆ, ಅಲುಗಾಡದ ಹಾಗೆ ಕಾಲು ಕಟ್ಟುವುದು ನನಗೆ ಬರುತ್ತಿತ್ತು. ಕಲಿತಿರುವುದೇ ಅದು.

ಏನು ಮಾಡಲಿ?

ರಂಜಿನಿ


ಬಂಡೀಪುರ ಕಾಡಿನ ಕ್ಯಾಂಪು
20 ಫೆಬ್ರವರಿ 2025

ರಂಜಿನಿ,

ನಿನ್ನ ಕಾಗದ ಓದಿ ಒಲೆಗೆ ಹಾಕಿದ್ದೇನೆ. ಇದನ್ನೂ ನೀನು ಹಾಗೆಯೇ ಮಾಡು. ಇನ್ನು ಮೇಲೆ ಲಕೋಟೆಗೆ ಗಟ್ಟಿಯಾಗಿ ಅಂಟು ಹಾಕಿ ಕಳಿಸು.

ಆ ರಸ್ತೆಯಲ್ಲಿ ನೂರು ಗಾಡಿ ಓಡಾಡುತ್ತವೆ. ಅವರು ಗಾಡಿಯನ್ನು ನೋಡಿಲ್ಲ. ನೀನು ಅವರನ್ನು ಮುಟ್ಟಿಲ್ಲ. ನೀನೇ ಎಂದು ಯಾರು ಹೇಳಿದರು? ಆ ಬಲ್ಬು ಕಿತ್ತು ಕೆರೆಗೆ ಎಸೆದು ಹಳೆಯದನ್ನೇ ಹಾಕಿಸು. ವಾರ್ಡ್ ಬದಲಾಯಿಸಿಕೊಳ್ಳಲು ಆದರೆ ಕೇಳು. ಬಾಯಿ ಮಾತ್ರ ಬಿಡಬೇಡ.

ನಿನ್ನ ಕೆಲಸ ಇನ್ನೂ ಗುತ್ತಿಗೆಯದು. ಪೊಲೀಸ್ ಕೇಸು ಬಿದ್ದವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಇನ್ನು ಅವರು ಯಾವ ಮನೆಯವರು, ನಾವು ಯಾವ ಬೀದಿಯವರು, ಅದನ್ನು ನಾನು ಬರೆಯಬೇಕಿಲ್ಲ. ನಮ್ಮ ಕೈಯಿಂದ ಅವರ ಕಾಲು ಮುರಿಯಿತು ಎಂದಾದರೆ ಅದು ಬರೀ ಆಕ್ಸಿಡೆಂಟಾಗಿ ಉಳಿಯುವುದಿಲ್ಲ. ನಾನು ಹತ್ತಿರ ಇಲ್ಲ. ಅಮ್ಮ, ನೀನು ಇಬ್ಬರೇ ಹೆಂಗಸರು.

ನಾನು ಹೇಳಿದ ಹಾಗೆ ಕೇಳು.

ಅಪ್ಪ


ಗುಂಡ್ಲುಪೇಟೆ
26 ಫೆಬ್ರವರಿ 2025

ಶಾಂತರಾಜು ಮಾಮನವರಿಗೆ, ಪಕ್ಕದ ಮನೆ ಪ್ರಿಯಾಂಕ ಬರೆಯುತ್ತಿರುವುದು. ಸುಂದ್ರತ್ತೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ.

'ನಾನ್ ಚೆಂದಾಗಿವ್ನಿ. ನಮ್ ರಂಜಿನಿ ಚೆಂದಾಗಿಲ್ಲ. ಉಣ್ಣಕಿಲ್ಲ. ತಟ್ಟೆ ಮುಂದ್ಗಡೆ ಕುಂತ್ಕತ್ತಳೆ, ಮುದ್ದೆ ಮುರೀತಳೆ, ಅಂಗೇ ಬುಟ್ಟು ಎದ್ದೋಯ್ತಳೆ. ಎರಡು ವಾರ ಆಯ್ತು, ಕಾರ್ ತಗೀತಾ ಇಲ್ಲ, ಬಸ್ಸಲ್ಲೇ ಓಯ್ತಳೆ. ಯಾಕವ್ವ ಅಂದ್ರೆ ರಿಪೇರಿ ಅಂತಳೆ. ನೀನು ಅದೇನ್ ಬರ್ದು ಕಳುಸ್ದೋ ನಂಗೊತ್ತಿಲ್ಲ. ನಿನ್ ಕಾಗ್ದ ಬಂದ ದಿಸ ಒಲೆ ಮುಂದೆ ಕುಂತು ಸುಟ್ಟಾಕುದ್ಲು. ನಿನ್ ಕಾಗ್ದವ ಅವ್ಳು ಯಾವತ್ತೂ ಸುಟ್ಟಿರ್ನಿಲ್ಲ.

ಅಪ್ಪ ಮಗ್ಳು ನಂಗೆ ಏನೂ ಏಳ್ಬೇಡಿ, ಬುಡಿ. ಆದ್ರೆ ಅವ್ಳು ಏನ್ ಮಾಡ್ಬೇಕು ಅಂತವ್ಳೋ ಅದ ಮಾಡಕೆ ಬುಡು. ಅವ್ಳು ಇಂಗೇ ಇದ್ರೆ ನಂಗೆ ತಡ್ಯಕಾಗಲ್ಲ.'

ಅತ್ತೆ ಹೆಬ್ಬೆಟ್ಟು ಒತ್ತಿದ್ದಾರೆ.


ಗುಂಡ್ಲುಪೇಟೆ
9 ಮಾರ್ಚ್ 2025

ಅಪ್ಪ,

ನೀನು ಹೇಳಿದ್ದರಲ್ಲಿ ಅರ್ಧ ಮಾಡಿದ್ದೇನೆ. ಬಲ್ಬು ತೆಗೆಸಿದೆ. ಕೆರೆಗೆ ಎಸೆಯಲಿಲ್ಲ.

ಆರ್‌ಸಿ ತಪಾಸಣೆಗೆ ಮುಂಚೆ ಕಾರನ್ನು ಚಾಮರಾಜನಗರದ ಗೋವಿಂದಯ್ಯನವರ ಹತ್ತಿರ ಒಯ್ದೆ. ನಲವತ್ತು ವರ್ಷದಿಂದ ಗಾಡಿಗಳ ಎಲೆಕ್ಟ್ರಿಕಲ್ ಕೆಲಸ ಮಾಡಿಕೊಂಡಿರುವವರು. ಬಾನೆಟ್ ಎತ್ತುವ ಮುಂಚೆಯೇ, 'ಈ ಬಲ್ಬಿಟ್ಕಂಡು ಓದ್ರೆ ಪಾಸಾಗಕಿಲ್ಲ ಕಣಮ್ಮಿ, ವಾಪಸ್ ಕಳುಸ್ತರೆ. ರೋಡಲ್ಲಿ ಇಡುದ್ರೆ ದಂಡ ಬೇರೆ' ಅಂದರು. ನನಗೆ ತಿಳಿಯಬೇಕಿದ್ದದ್ದು ಬೇರೆ. ಡಿಮ್ ಮಾಡಿದ್ದರೂ ಎದುರಿನವರ ಕಣ್ಣಿಗೆ ಹೊಡೆಯುತ್ತದಾ ಎಂದು ಕೇಳಿದೆ.

ಅವರು ಸಂಜೆ ಕತ್ತಲಾಗುವ ತನಕ ಕೂರಿಸಿಕೊಂಡರು. ಆಮೇಲೆ ಕಾರನ್ನು ಗೋಡೆಗೆ ಮುಖಮಾಡಿ ಮೂವತ್ತು ಅಡಿ ದೂರದಲ್ಲಿ ನಿಲ್ಲಿಸಿ ಡಿಮ್ ಹಾಕಿದರು. ಬೆಳಕು ಗೋಡೆಯ ಬುಡದಿಂದ ಹೆಂಚಿನವರೆಗೂ ಹರಡಿಕೊಂಡಿತ್ತು. ಮೇಲೆ ಕೆಳಗೆ ಎನ್ನುವ ಗೆರೆಯೇ ಇರಲಿಲ್ಲ. 'ಈ ದೀಪದ ಬಟ್ಲ ಮಾಡಿರದು ಅಳೇ ಬಲ್ಬಿನ ತಂತಿಗೆ. ತಂತಿ ಉರಿಯೋ ಜಾಗ ಬೇರೆ, ಈ ಬಿಳೀದು ಉರಿಯೋ ಜಾಗ ಬೇರೆ. ಅದ್ಕೆ ಬೆಳ್ಕು ದಿಕ್ಕಾಪಾಲು' ಅಂದರು. ನಂತರ ತಮ್ಮ ಮೊಪೆಡ್ಡನ್ನು ಆ ಗೋಡೆಯ ಮುಂದೆ, ಕಾರಿಗೆ ಎದುರಾಗಿ ನಿಲ್ಲಿಸಿ, 'ನೀನೇ ಕುಂತ್ಕಂಡ್ ನೋಡವ್ವ' ಅಂದರು.

ಕೂತೆ. ಅಪ್ಪ, ನನಗೆ ಕಾರು ಕಾಣಲಿಲ್ಲ. ಕಾಲ ಕೆಳಗಿನ ನೆಲ ಕಾಣಲಿಲ್ಲ. ನನ್ನದೇ ಕೈಯಲ್ಲಿದ್ದ ಹ್ಯಾಂಡಲ್ ಕಾಣಲಿಲ್ಲ. ಗೋವಿಂದಯ್ಯ ದೀಪ ಆರಿಸಿದ ಮೇಲೂ ಎಷ್ಟೋ ಹೊತ್ತು ಕಪ್ಪು ಬಿಟ್ಟು ಬೇರೇನೂ ಕಾಣಲಿಲ್ಲ. ನಾನು ನಿಂತ ಗಾಡಿಯ ಮೇಲೆ ಕೂತಿದ್ದೆ. ಅವರು ಓಡುವ ಗಾಡಿಯ ಮೇಲಿದ್ದರು, ಪಕ್ಕದಲ್ಲಿ ಹಳ್ಳ ಇತ್ತು. ನೂರು ಗಾಡಿಯಲ್ಲಿ ಯಾವುದೋ ಒಂದು ಎಂದು ನೀನು ಬರೆದಿದ್ದೆಯಲ್ಲ, ಆ ಮಾತು ನನಗೆ ಅಲ್ಲಿಗೆ ಮುಗಿಯಿತು.

ಹಳೆಯ ದೀಪ ಮಂಕಾಗಿದ್ದದ್ದು ಬಲ್ಬಿನಿಂದಲ್ಲವಂತೆ. ಒಳಗಿನ ಬೆಳ್ಳಿಬಣ್ಣದ ಬಟ್ಟಲು ಕಪ್ಪಾಗಿತ್ತು, ವೈರುಗಳು ಸವೆದು ಕರೆಂಟು ಸರಿಯಾಗಿ ಹೋಗುತ್ತಿರಲಿಲ್ಲ. ಎರಡೂ ಕಡೆ ಕಂಪನಿಯದೇ ಹೊಸ ದೀಪ ಕೂರಿಸಿ, ದಪ್ಪ ವೈರು, ರಿಲೇ ಹಾಕಿ, ಮೊದಲಿನಷ್ಟೇ ವ್ಯಾಟಿನ ಹಳದಿ ಬಲ್ಬು ಹಾಕಿದರು. ನೂರು ವ್ಯಾಟಿನದು ಹಾಕಿ ಅಂದರೂ ಹಾಕುವುದಿಲ್ಲ, ಅದೂ ಕಾನೂನಿಗೆ ವಿರುದ್ಧ ಅಂದರು. ಗೋಡೆಯ ಮೇಲೆ ಗೆರೆ ಎಳೆದು, ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ ನಾಲ್ಕು ಇಂಚು ಕೆಳಗೆ ಬೀಳುವ ಹಾಗೆ ತಿರುಪು ತಿರುಗಿಸಿದರು. ಎಡಗಡೆ ಮಾತ್ರ, ರಸ್ತೆಯ ಅಂಚು ಕಾಣಲಿ ಎಂದು, ಕೊಂಚ ಮೇಲೆ. ನಾನು ಮತ್ತೆ ಮೊಪೆಡ್ ಮೇಲೆ ಕೂತೆ. ಕಾರು ಕಂಡಿತು. ಬಾನೆಟ್ಟಿನ ಹತ್ತಿರ ನಿಂತಿದ್ದ ಗೋವಿಂದಯ್ಯ ಕಂಡರು. ಕಾರಿನೊಳಗೆ ಕೂತು ನೋಡಿದರೆ ರಸ್ತೆಯೂ ಸಾಕಷ್ಟು ಕಾಣುತ್ತಿತ್ತು. ಇಷ್ಟೇ ಆಗಿತ್ತು ಅಪ್ಪ, ನಮಗೆ ಬೇಕಿದ್ದದ್ದು ಇಷ್ಟೇ.

ಗುರುವಾರ ತಪಾಸಣೆ ಆಯಿತು. ಇನ್‌ಸ್ಪೆಕ್ಟರ್ ಬಗ್ಗಿ ದೀಪ ನೋಡಿ, 'ಸರಿಯಾಗಿ ಮಾಡಿಸಿದ್ದೀರಿ' ಅಂದರು. ಐದು ವರ್ಷಕ್ಕೆ ಆರ್‌ಸಿ ಸಿಕ್ಕಿದೆ.

ಅದೇ ದಿನ ಮಧ್ಯಾಹ್ನ ವಾರ್ಡಿನ ಬಾಗಿಲಲ್ಲಿ ಸಿದ್ದಮಲ್ಲಪ್ಪನವರ ಮಗ ಪುಟ್ಟರಾಜು ನನ್ನನ್ನು ತಡೆದ. ಒಂದು ತಿಂಗಳಿಂದ ಆ ಬಿಳಿ ಲೈಟಿನ ಗಾಡಿಯನ್ನು ಹುಡುಕುತ್ತಿದ್ದಾನೆ. ಪೆಟ್ರೋಲ್ ಬಂಕುಗಳ ಕ್ಯಾಮೆರಾ ಎಲ್ಲ ನೋಡಿದ್ದಾನೆ. 'ಸಿಸ್ಟರ್, ನೀವೂ ಅದೇ ರೋಡಲ್ಲಿ ಓಡಾಡ್ತೀರಂತೆ. ಅಂತಾ ಗಾಡಿ ಏನಾರ ಕಂಡ್ರಾ?'

ಇಲ್ಲ ಅಂದೆ.

'ಕಂಡ್ರೆ ಒಂದ್ ಮಾತು ಏಳಿ ಸಿಸ್ಟರ್. ಅಪ್ಪ ನಿಮ್ನ ತುಂಬ ನೆನಿತರೆ' ಅಂದ.

ಅಲ್ಲಿಯ ತನಕ ನಾನು ಹೇಳದೆ ಇದ್ದವಳು ಮಾತ್ರ. ಗುರುವಾರದಿಂದ ಸುಳ್ಳು ಹೇಳಿದವಳು. ಇನ್ನು ನನ್ನ ಕೈಯಲ್ಲಿ ಆಗುವುದಿಲ್ಲ. ಅವರನ್ನು ಡಿಸ್ಚಾರ್ಜ್ ಮಾಡುವ ಮೊದಲು ಹೇಳುತ್ತೇನೆ.

ರಂಜಿನಿ


ಬಂಡೀಪುರ ಕಾಡಿನ ಕ್ಯಾಂಪು
15 ಮಾರ್ಚ್ 2025

ರಂಜಿನಿ,

ಚಿಕ್ಕಮಾದುವನ್ನು ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ. ಎರಡು ದಿನದಿಂದ ಕಾಡಿಗೆ ಬೆಂಕಿ, ಕೈಯೆಲ್ಲ ಬೊಬ್ಬೆ ಎದ್ದಿದೆ. ಅಕ್ಷರ ಕೆಟ್ಟಿದ್ದರೆ ಅದಕ್ಕೇ.

ಹೇಳಲೇಬೇಕು ಎನ್ನುವುದಾದರೆ ನೀನು ಹೇಳಬೇಡ. ಇದರ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ಆ ರಾತ್ರಿ ಕಾರು ಓಡಿಸುತ್ತಿದ್ದವನು ನಾನು ಎಂದು ಬರೆದು ಸಹಿ ಹಾಕಿದ್ದೇನೆ. ಅದನ್ನು ಠಾಣೆಗೆ ಕೊಡು. ಕಾರು ಇರುವುದು ನನ್ನ ಹೆಸರಿನಲ್ಲಿ. ಬಲ್ಬು ಹಾಕಿದವನು ನಾನು. ಓಡಿಸಿದವನೂ ನಾನೇ ಎಂದರೆ ಯಾರು ಬೇಡ ಎನ್ನುತ್ತಾರೆ? ನನಗೆ ಐವತ್ತಾರು. ನನ್ನ ಕೆಲಸ ಹೋದರೆ ಎಲ್ಲಾದರೂ ಕೂಲಿ ಮಾಡುತ್ತೇನೆ. ನೀನು ನರ್ಸ್ ಆಗುವುದಕ್ಕೆ ಎಷ್ಟು ವರ್ಷ ಹಿಡಿಯಿತು ಅಂತ ನನಗೆ ಗೊತ್ತು.

ಇದೊಂದು ಮಾತು ನಡೆಸಿಕೊಡು ಮಗ.

ಅಪ್ಪ


ಗುಂಡ್ಲುಪೇಟೆ
25 ಮಾರ್ಚ್ 2025

ಅಪ್ಪ,

ಕೈ ಸುಟ್ಟಿರುವ ಕಡೆ ಸೊಪ್ಪಿನ ರಸ ಹಚ್ಚಬೇಡ. ಚಿಕ್ಕಮಾದು ಕೈಯಲ್ಲಿ ಮುಲಾಮು ಕಳಿಸಿದ್ದೇನೆ, ದಿನಕ್ಕೆ ಎರಡು ಸಲ.

ನಿನ್ನ ಹಾಳೆಯನ್ನು ಠಾಣೆಗೆ ಕೊಡಲಿಲ್ಲ. ಅದು ನಡೆದ ಫೆಬ್ರವರಿ ನಾಲ್ಕರ ರಾತ್ರಿ ಕ್ಯಾಂಪಿನ ಹಾಜರಿ ಪುಸ್ತಕದಲ್ಲಿ ನಿನ್ನ ಸಹಿ ಇದೆ. ಅದು ಇಲ್ಲದಿದ್ದರೂ ಕೊಡುತ್ತಿರಲಿಲ್ಲ. ಅದನ್ನು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ ಎಂದಷ್ಟೇ ಬರೆಯುತ್ತೇನೆ.

ಬುಧವಾರ ಅವರಿಗೆ ಡಿಸ್ಚಾರ್ಜ್ ಇತ್ತು. ಮಂಗಳವಾರ ಸಂಜೆ ಡ್ಯೂಟಿ ಮುಗಿದ ಮೇಲೆ ಯೂನಿಫಾರಂ ತೆಗೆದು ಸೀರೆ ಉಟ್ಟುಕೊಂಡು ಹೋದೆ. ಮಂಚದ ಪಕ್ಕ ಅವರ ಹೆಂಡತಿ ಚಿಕ್ಕಮಲ್ಲಮ್ಮ ಇದ್ದರು, ಪುಟ್ಟರಾಜು ಇದ್ದ. ನಿಂತುಕೊಂಡೇ ಹೇಳಿದೆ. ಆ ಕಾರು ನಮ್ಮದು, ಓಡಿಸುತ್ತಿದ್ದವಳು ನಾನು, ಪುಟ್ಟರಾಜು ಕೇಳಿದಾಗ ಸುಳ್ಳು ಹೇಳಿದೆ ಅಂತ.

ಪುಟ್ಟರಾಜು ಸ್ಟೂಲನ್ನು ಒದ್ದ. 'ಒಂದೂವರೆ ತಿಂಗ್ಳು! ದಿನಾ ಮುಟ್ಟಿ ಬ್ಯಾಂಡೇಜ್ ಕಟ್ಟಿದೀಯ! ಆಗ ಎಲ್ಲೋಗಿತ್ತು ಬಾಯಿ?' ಆಮೇಲೆ ಒಂದು ಮಾತು ಅಂದ. ಅದನ್ನು ನಾನು ಬರೆಯುವುದಿಲ್ಲ, ನಿನಗೆ ಗೊತ್ತಾಗುತ್ತದೆ. ವಾರ್ಡಿನವರೆಲ್ಲ ತಿರುಗಿ ನೋಡಿದರು. ಚಿಕ್ಕಮಲ್ಲಮ್ಮ ಅವನ ತೋಳು ಹಿಡಿದು ಕೂರಿಸಿದರು. ಅವರು ನನ್ನನ್ನು ಬೈಯಲಿಲ್ಲ. 'ದೀಪ ಕಾಣ್ದಂಗಾಯ್ತು ಅಂತೀಯ. ತಿರುಗ್ ಬಂದು ಒಂದ್ ಸಲ ನೋಡ್ಬಾರ್ದಾಗಿತ್ತೇನವ್ವ?' ಅಂದರು.

ಸಿದ್ದಮಲ್ಲಪ್ಪನವರು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ಬೆಳಿಗ್ಗೆ ಕೊನೆಯ ಡ್ರೆಸ್ಸಿಂಗಿಗೆ ಬೇರೆ ಸಿಸ್ಟರನ್ನು ಕಳಿಸಿ ಎಂದು ಹೇಳಿ ಕಳಿಸಿದರು. ನಾಗರತ್ನ ಸಿಸ್ಟರ್ ಹೋಗಿ ಮಾಡಿಬಂದರು.

ಬುಧವಾರವೇ ಅಮ್ಮನನ್ನು ಕರೆದುಕೊಂಡು ಠಾಣೆಗೆ ಹೋದೆ. ಅಮ್ಮನಿಗೆ ಬಸ್ಸಿನಲ್ಲಿ ಎಲ್ಲವನ್ನೂ ಹೇಳಿದ್ದೆ. 'ಅಷ್ಟೇನಾ' ಎಂದು ನನ್ನ ಕೈ ಹಿಡಿದುಕೊಂಡಳು, ಇಳಿಯುವ ತನಕ ಬಿಡಲಿಲ್ಲ. ಗುರುತು ಸಿಗದ ವಾಹನ ಎಂದು ಮುಚ್ಚಲಿದ್ದ ಕೇಸಂತೆ ಅದು. ಸಬ್ ಇನ್‌ಸ್ಪೆಕ್ಟರ್ ಎರಡು ಸಲ ಕೇಳಿದರು, 'ನಿಮ್ಮನ್ನು ಯಾರಾದರೂ ಹೆದರಿಸಿ ಕಳಿಸಿದ್ದಾರಾ?' ಹೇಳಿಕೆ ಬರೆಸಿದೆ, ಆ ಬಲ್ಬುಗಳನ್ನೂ ಒಪ್ಪಿಸಿದೆ. ಆವತ್ತು ಕಾರಿನ ವಿಮೆ ಚಾಲ್ತಿಯಲ್ಲಿತ್ತು. ಗಾಡಿ ಯಾವುದೆಂದು ಗೊತ್ತಾದ್ದರಿಂದ ಅವರು ಈಗ ಪರಿಹಾರ ಕೇಳಬಹುದು. ದೀಪ ಬದಲಾಯಿಸಿದ್ದಕ್ಕೆ ವಿಮೆಯವರು ತಕರಾರು ತೆಗೆದರೂ ತೆಗೆಯಬಹುದು ಎಂದು ವಕೀಲರು ಹೇಳಿದರು.

ನನ್ನನ್ನು ವಾರ್ಡಿನಿಂದ ತೆಗೆದು ಸ್ಟೋರಿಗೆ ಹಾಕಿದ್ದಾರೆ. ಮುಂದಿನದು ಕೋರ್ಟು ಮುಗಿದ ಮೇಲೆ ನೋಡೋಣ ಅಂದಿದ್ದಾರೆ.

ನಿನ್ನೆ ರಾತ್ರಿ ಎರಡು ಮುದ್ದೆ ಉಂಡೆ.

ರಂಜಿನಿ


ಬಂಡೀಪುರ ಕಾಡಿನ ಕ್ಯಾಂಪು
6 ಮೇ 2025

ರಂಜಿನಿ,

ರಜೆಯಲ್ಲಿ ಬಂದವನು ನಾಲ್ಕು ದಿನ ನಿನ್ನ ಎದುರಿಗೇ ಇದ್ದರೂ ಏನೂ ಮಾತಾಡದೆ ಬಂದುಬಿಟ್ಟೆ. ಬಾಯಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಭಾನುವಾರ ಬೆಳಿಗ್ಗೆ ಕ್ಯಾಂಪಿಗೆ ಎಂದು ಹೇಳಿ ಹೊರಟವನು ತೆರಕಣಾಂಬಿ ಕಡೆಯ ಬಸ್ ಹತ್ತಿದೆ. ನಿನಗೆ ಹೇಳಿದ್ದರೆ ನೀನೂ ಜೊತೆಗೆ ಬರುತ್ತಿದ್ದೆ. ನಾನೊಬ್ಬನೇ ಹೋಗಬೇಕಿತ್ತು.

ಸಿದ್ದಮಲ್ಲಪ್ಪನವರು ಜಗುಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಊರುಗೋಲು. ಅಂಗಳದಲ್ಲೇ ನಿಂತು ನಾನು ಇಂಥವನು, ನರ್ಸಿನ ತಂದೆ ಅಂದೆ. ಒಳಗಿನಿಂದ ಪುಟ್ಟರಾಜು ಧಡಧಡ ಬಂದ. ಅವರು, 'ಲೋ, ನೀನ್ ಒಳೀಕ್ಕೋಗ್ಲಾ' ಅಂದರು. ಅವನು ಹೋಗಲಿಲ್ಲ, ಬಾಗಿಲಲ್ಲೇ ನಿಂತ.

'ಆ ಬಲ್ಬು ಆಕ್ದವ್ನು ನಾನು ಯಜಮಾನ್ರೆ. ಮಗ್ಳು ದಾರೀಲಿ ಎಲ್ಲೂ ಬೀಳ್ದಂಗೆ ಬರ್ಲಿ ಅಂತ ಆಕ್ದೆ. ಎದುರ್ಗಡೆ ಬರೋರ್ಗೂ ಕಣ್ಣವೆ ಅಂತ ನಂಗೆ ಒಳೀನಿಲ್ಲ' ಅಂದೆ.

ಅವರು ನನ್ನ ಕೈ ನೋಡಿದರು. ಸುಟ್ಟ ಕಲೆ ಇನ್ನೂ ಇವೆಯಲ್ಲ. ಕೇಳಿದರು. ಕಾಡಿಗೆ ಬೆಂಕಿ ಬಿದ್ದಿತ್ತು ಅಂದೆ. ಜಗುಲಿಯ ಕಂಬದ ಹತ್ತಿರ ತೋರಿಸಿ ಕೂತ್ಕೋ ಅಂದರು. ನಾನು ಕೂರಲಿಲ್ಲ. ಎರಡನೇ ಸಲ ಅಂದ ಮೇಲೆ ಕೂತೆ.

'ನಿನ್ ಮಗ್ಳು ಏಳ್ದೆ ಇದ್ದಿದ್ರೆ ನಮ್ಗೆ ಗೊತ್ತೇ ಆಯ್ತಿರ್ನಿಲ್ಲ. ಇವ್ನು ಉಡ್ಕಿ ಉಡ್ಕಿ ಸುಮ್ಗಾಗಿದ್ದ. ಓಗಿ ನಿಜ ಏಳ್ಬುಡು ಅಂತ ಅವ್ಳ್ಗೆ ನೀನೇ ಏಳ್ಕೊಟ್ಟಾ?'

ಹೌದು ಎನ್ನುವುದು ಬಹಳ ಸುಲಭವಿತ್ತು ಮಗ. ನನಗೆ ಮರ್ಯಾದೆ ಬರುತ್ತಿತ್ತು. ನೀನೂ ಎದುರಿಗೆ ಇರಲಿಲ್ಲ.

'ಇಲ್ಲ ಯಜಮಾನ್ರೆ. ಬಾಯಿ ಬುಡ್ಬೇಡ ಅಂತ ನಾನೇ ಕಾಗ್ದ ಬರ್ದಿದ್ದೆ. ಬಲ್ಬ ಕೆರೆಗೆ ಎಸಿ ಅಂದಿದ್ದೆ. ಅವ್ಳು ನನ್ ಮಾತು ಕೇಳ್ನಿಲ್ಲ' ಅಂದೆ.

ಪುಟ್ಟರಾಜು ಏನೋ ಹೇಳಲು ಬಾಯಿ ತೆರೆದ. ಅವರು ಕೈ ಎತ್ತಿ ತಡೆದರು. ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಇನ್ನೊಂದು ಕಡೆಗೆ ಇಟ್ಟುಕೊಂಡರು. ನೋವು ಇನ್ನೂ ಇದೆ, ಮುಖದಲ್ಲಿ ಕಾಣುತ್ತದೆ. ಆಮೇಲೆ ಅಂದರು, 'ನಂಗೂ ಒಬ್ಳು ಮಗ್ಳವ್ಳೆ, ಕಾವ್ಯಶ್ರೀ ಅಂತ. ಅವ್ಳ ಕೈಲಿ ಇಂಗಾಗಿದ್ರೆ ನಾನೂ ಅದ್ನೇ ಬರೀತಿದ್ದೆ.'

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಸು ವಾಪಸ್ ತೆಗೆದುಕೊಳ್ಳುವ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಚಿಕ್ಕಮಲ್ಲಮ್ಮನವರು ಟೀ ಕೊಟ್ಟರು. ಅವರೆಲ್ಲ ಕುಡಿಯುವಂಥದೇ ಲೋಟ. ಕುಡಿದು ಎದ್ದು ಬಂದೆ.

ಬಸ್ಸಿನಲ್ಲಿ ಕೂತಾಗ ಒಂದು ತಿಳಿಯಿತು. ಐವತ್ತಾರು ವರ್ಷದಲ್ಲಿ ಅಂಥ ಮನೆಯ ಅಂಗಳದಲ್ಲಿ ನಾನು ತಲೆ ಎತ್ತಿ ಮಾತಾಡಿದ್ದು ಅದೇ ಮೊದಲು. ಅದೂ ನನ್ನ ತಪ್ಪನ್ನು ಹೇಳಿಕೊಳ್ಳುವುದಕ್ಕೆ.

ಜೂನ್ ಹದಿನಾರಕ್ಕೆ ಕೋರ್ಟು ಅಂದೆಯಲ್ಲ. ರಜೆಗೆ ಈಗಲೇ ಬರೆದುಕೊಟ್ಟಿದ್ದೇನೆ. ಕೊಡದಿದ್ದರೂ ಬರುತ್ತೇನೆ. ನೀನು ಒಬ್ಬಳೇ ನಿಲ್ಲಬೇಡ.

ಈ ಕಾಗದವನ್ನು ಸುಡಬೇಡ.

ನಿನ್ನ ಅಪ್ಪ
ಶಾಂತರಾಜು